ಬಾವಿಯ ನೀರು ಕುಡಿಯುವ ಊರು

ಶ್ರೋತೃಗಳೇ, ನಮಸ್ಕಾರ.

ಬಾಳಲು ಯೋಗ್ಯವಾದ ಊರು ಯಾವುದು, ಪರಿಸರ ಕೆಡದಂತೆ ಅದು ಉಳಿಯುವುದು ಹೇಗೆ ಎಂದು ಮಾತನಾಡಿ ಎಂದು ಆಕಾಶವಾಣಿಯವರು ಕರೆದಿದ್ದಾರೆ. ಸಿಕ್ಕಿರುವುದು ಹತ್ತು ಹನ್ನೆರಡು ನಿಮಿಷ. ಇಂಥ ವಿಷಯ ಕೊಟ್ಟರೆ ಉದ್ಯಾನ, ಅಗಲ ರಸ್ತೆ, ಕೆರೆ ಸುತ್ತ ಕಾಲುದಾರಿ, ಸೌರ ದೀಪ ಎಂದು ಪಟ್ಟಿ ಓದುವುದು ರೂಢಿ. ಈಗೀಗ ಊರಿನ ಹೆಸರಿನ ಪಕ್ಕದಲ್ಲಿ ಕೆಂಪು ಹೃದಯವೊಂದನ್ನು ನೆಟ್ಟು, ಅದರ ಮುಂದೆ ಫೋಟೊ ತೆಗೆಸಿಕೊಳ್ಳುವುದೂ ಆ ಪಟ್ಟಿಗೆ ಸೇರಿದೆ. ನಾನು ಅಂತರ್ಜಲದ ಕೆಲಸದಲ್ಲಿ ತಲೆ ಹಣ್ಣು ಮಾಡಿಕೊಂಡವನು. ನನ್ನ ಹತ್ತಿರ ಪಟ್ಟಿ ಇಲ್ಲ, ಒಂದೇ ಪ್ರಶ್ನೆ ಇದೆ. ನಿಮ್ಮ ಮನೆಯ ಬಾವಿಯ ನೀರನ್ನು ನೀವು ಕುಡಿಯುತ್ತೀರಾ? ಹೌದು ಎನ್ನುವುದಾದರೆ ನಿಮ್ಮ ಊರು ಚೆನ್ನಾಗಿದೆ. ಇಲ್ಲ ಎನ್ನುವುದಾದರೆ ಊರಿನಲ್ಲಿ ಬೇರೆ ಏನೇ ಇದ್ದರೂ ನಾನು ಒಪ್ಪುವವನಲ್ಲ.

ಬಾವಿಯೇ ಏಕೆ? ಊರಿನಲ್ಲಿ ಮಾಡಿದ ತಪ್ಪುಗಳೆಲ್ಲ ಕೊನೆಗೆ ಬಂದು ಸೇರುವುದು ಅಲ್ಲಿಗೇ. ಮೇಲಿನ ಗುಡ್ಡ ಬೋಳಾದರೆ ಮಾರ್ಚಿಗೇ ಬಾವಿಯ ತಳ ಕಾಣುತ್ತದೆ. ಅಂಗಳಕ್ಕೆಲ್ಲ ಇಂಟರ್‌ಲಾಕ್ ಹಾಸಿದರೆ ಮಳೆಗಾಲದ ನೀರು ಗಟಾರ ಹಿಡಿಯುತ್ತದೆ. ಹೊಳೆಯ ಮರಳು ಬಗೆದರೆ ದಡದ ಬಾವಿಗಳ ಮಟ್ಟವೂ ಹೊಳೆಯ ಜೊತೆಯಲ್ಲೇ ಇಳಿಯುತ್ತದೆ. ಪಕ್ಕದ ಮನೆಯ ಶೌಚದ ಗುಂಡಿ ಸೋರಿದರೆ ಏನಾಗುತ್ತದೆ ಎಂದು ನಾನು ಹೇಳಬೇಕಾಗಿಲ್ಲ. ಅಡುಗೆಮನೆಯ ಮೂಲೆಯಲ್ಲಿ 20 ಲೀಟರಿನ ಕ್ಯಾನು ಬಂದು ಕುಳಿತಿದೆ ಎಂದರೆ ಇವುಗಳಲ್ಲಿ ಯಾವುದೋ ಒಂದು ನಡೆದಿದೆ ಎಂದೇ ಅರ್ಥ.

ನಮ್ಮ ಉತ್ತರ ಕನ್ನಡದಲ್ಲಿ ನೀರಿಲ್ಲ ಎಂದು ಮಾತ್ರ ಹೇಳಬೇಡಿ. ಕಾರವಾರದಲ್ಲಿ ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಬೀಳುತ್ತದೆ, ಬೆಂಗಳೂರಿನ ಮೂರು ಪಟ್ಟು. ಸಾವಿರ ಚದರ ಅಡಿಯ ಮಾಡು, ಅಂದರೆ ಚಾವಣಿ, ನಿಮ್ಮದಾಗಿದ್ದರೆ ಅದರ ಮೇಲೆ ಬೀಳುವುದು ಹತ್ತಿರ ಹತ್ತಿರ ಎರಡು ಲಕ್ಷ ಎಂಬತ್ತು ಸಾವಿರ ಲೀಟರ್. ಐದನೇ ಒಂದು ಪಾಲು ಚೆಲ್ಲಿ ಹೋಯಿತು ಎಂದುಕೊಂಡರೂ ಎರಡು ಲಕ್ಷ ಇಪ್ಪತ್ತು ಸಾವಿರ ಉಳಿಯಿತು. ಐದು ಜನರ ಮನೆ, ತಲೆಗೆ ದಿನಕ್ಕೆ 135 ಲೀಟರ್ ಎಂದು ಪಟ್ಟಣದ ಲೆಕ್ಕದಲ್ಲೇ ಧಾರಾಳವಾಗಿ ಖರ್ಚು ಮಾಡಿದರೂ ಹತ್ತು ಹನ್ನೊಂದು ತಿಂಗಳಿಗೆ ಸಾಕು. ಇಷ್ಟು ನೀರನ್ನು ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗಟಾರಕ್ಕೆ ಬಿಟ್ಟು, ಏಪ್ರಿಲ್‌ನಲ್ಲಿ ಟ್ಯಾಂಕರಿಗೆ ಫೋನು ಮಾಡುತ್ತೇವೆ.

ಹಾಗೆಂದು ಎರಡು ಲಕ್ಷ ಲೀಟರಿನ ಟಾಕಿ ಕಟ್ಟಿ ಎನ್ನುವುದಿಲ್ಲ. ಕಾಲ ಕೆಳಗೆ ಬಿಟ್ಟಿ ಟಾಕಿ ಇದೆ. ನಮ್ಮ ಚಿರೆಕಲ್ಲಿನ, ಅಂದರೆ ಕೆಂಪು ಕಲ್ಲಿನ, ನೆಲ ತೂತು ತೂತು. ಅದರ ಅಡಿಯಲ್ಲಿ ಶೇಡಿ ಎಂಬ ಜಿಗುಟು ಮಣ್ಣು, ಅದು ನೀರನ್ನು ಸುಲಭಕ್ಕೆ ಬಿಡುವುದಿಲ್ಲ. ಮಳೆ ಕಲ್ಲಿನೊಳಗೆ ಇಳಿದು ಶೇಡಿಯ ಮೇಲೆ ನಿಂತು ಬಾವಿಗೆ ಒಸರುತ್ತದೆ. ನಾವು ಮಾಡಬೇಕಾದದ್ದು ಇಳಿಯಲು ಜಾಗ ಬಿಡುವುದು, ಅಷ್ಟೇ.

ಕಡಲಿಗೆ ತಾಗಿದ ಮರಳು ನೆಲದ್ದು ಸ್ವಲ್ಪ ಬೇರೆ ರೀತಿ. ಅದಕ್ಕೆ ಒಂದು ಕಥೆ ಹೇಳಲೇಬೇಕು. ನನ್ನನ್ನು ಬಲ್ಲವರು ಈಗಾಗಲೇ ಕೇಳಿರುತ್ತಾರೆ, ಇನ್ನೊಮ್ಮೆ ಕೇಳಲಿ.

ಅಂಕೋಲೆಗೂ ಕುಮಟೆಗೂ ನಡುವೆ ಒಂದು ಕೇರಿ. ಹೆದ್ದಾರಿಯ ಬದಿಯಲ್ಲಿ ಸಿಹಿ ಈರುಳ್ಳಿಯ ಜಡೆ ತೂಗುಬಿಡುತ್ತಾರಲ್ಲ, ಆ ಸೀಮೆ. ಮುಂಬಯಿಯಲ್ಲಿ ದುಡಿದು ಬಂದವರೊಬ್ಬರು ಅಲ್ಲಿ ಹೋಂಸ್ಟೇ ಕಟ್ಟಿದ್ದರು. ಮೊದಲ ವರ್ಷ ಬಾವಿಯ ನೀರು ಎಳನೀರಿನಷ್ಟೇ ಚೆನ್ನ ಎಂದು ಬಂದವರಿಗೆಲ್ಲ ಕುಡಿಸಿದರು. ಎರಡನೆಯ ಬೇಸಿಗೆಯಲ್ಲಿ ತುಸು ಉಪ್ಪು ಕಾಣಿಸಿತು. ನೀರು ಕಡಿಮೆಯಾಗಿದೆ ಎಂದು ತಿಳಿದು ಬಾವಿಯನ್ನು ಇನ್ನಷ್ಟು ಆಳ ಮಾಡಿಸಿದರು, ಪಂಪನ್ನೂ ದೊಡ್ಡದು ಮಾಡಿದರು. ಮುಂದಿನ ಏಪ್ರಿಲ್‌ಗೆ ಆ ನೀರಿನಲ್ಲಿ ಬೇಳೆ ಬೇಯಲಿಲ್ಲ. ಸಮುದ್ರ ಮುಂದೆ ಬಂತು, ಇನ್ನು ಈ ಕೇರಿಯ ಕಥೆ ಮುಗಿಯಿತು ಎಂದು ಸುದ್ದಿಯಾಯಿತು. ನನ್ನನ್ನು ಕರೆಸಿದರು.

ಉಪ್ಪಿನಂಶ ತೋರಿಸುವ ಮೀಟರ್ ಹಿಡಿದು ಸಾಲಾಗಿ ಬಾವಿಗಳನ್ನು ನೋಡುತ್ತ ಹೋದೆ. ಪಂಪು ಇದ್ದ ಬಾವಿಗಳಲ್ಲಿ ಉಪ್ಪು. ಹೋಂಸ್ಟೇಯ ಬೇಲಿಯ ಆಚೆ, ಐವತ್ತು ಹೆಜ್ಜೆಯೂ ಇಲ್ಲ, ಕಡಲಿಗೆ ಇನ್ನೂ ಹತ್ತಿರವಾಗಿ ಒಬ್ಬ ಅಜ್ಜಿಯ ಹಿತ್ತಲು. ಹರಿವೆ, ಬಸಳೆ, ನಾಲ್ಕು ಬದನೆ ಗಿಡ. ಅವರ ಬಾವಿ ಎಂದರೆ ಮರಳಿನಲ್ಲಿ ತೋಡಿದ ಹೊಂಡ, ಒಂದೂವರೆ ಆಳು ಇರಬಹುದು. ನೀರು ಸಿಹಿ. ಮೀಟರಿಗೆ ಏನಾದರೂ ಆಯಿತೇ ಎಂದು ಹೋಂಸ್ಟೇಯವರು ನನ್ನ ಮುಖ ನೋಡಿದರು. ಅಜ್ಜಿ ಕೊಡಪಾನ ಕೆಳಗಿಟ್ಟು, ಆ ಯಂತ್ರಕ್ಕೆ ಎಷ್ಟು ಕೊಟ್ಟೆ ಎಂದು ಕೇಳಿದರು. ಹೇಳಿದೆ. "ನಾಲಿಗೆ ಪುಕ್ಕಟೆ ಇತ್ತಲ್ಲ ತಮ್ಮಾ" ಎಂದರು.

ದಿನಕ್ಕೆ ಎಷ್ಟು ನೀರು ಎತ್ತುತ್ತೀರಿ ಎಂದು ಕೇಳಿದೆ. ಬೆಳಿಗ್ಗೆ ಹಿತ್ತಲಿಗೆ ಆಗುವಷ್ಟು, ಸಂಜೆ ಮತ್ತೊಮ್ಮೆ. ನಡುವೆ? "ನಡುವೆ ಎತ್ತಬಾರದು, ರುಚಿ ಕೆಡುತ್ತದೆ." ಯಾರು ಹೇಳಿಕೊಟ್ಟರು ಎಂದರೆ, ಅದನ್ನೂ ಯಾರಾದರೂ ಹೇಳಿಕೊಡಬೇಕೇ ಎಂದು ಅವರಿಗೆ ನನ್ನ ಮೇಲೆ ಕನಿಕರವೇ ಬಂತು.

ಅಜ್ಜಿ ಹೇಳಿದ್ದು ಅಕ್ಷರಶಃ ಭೂಜಲ ವಿಜ್ಞಾನ. ಕಡಲ ತೀರದ ಮರಳಿನೊಳಗೆ ಕೆಳಗಡೆ ಉಪ್ಪುನೀರು ಇದ್ದೇ ಇರುತ್ತದೆ. ಮಳೆಯ ಸಿಹಿನೀರು ಹಗುರ. ಅದು ಹಾಲಿನ ಮೇಲಿನ ಕೆನೆಯ ಹಾಗೆ ಉಪ್ಪುನೀರಿನ ಮೇಲೆ ತೇಲುತ್ತಿರುತ್ತದೆ. ನೆಲದೊಳಗೆ ಸಮುದ್ರ ಮಟ್ಟಕ್ಕಿಂತ ಒಂದು ಅಡಿ ಎತ್ತರಕ್ಕೆ ಸಿಹಿನೀರು ನಿಂತಿದ್ದರೆ, ಸಮುದ್ರ ಮಟ್ಟದಿಂದ ಕೆಳಗೆ ಸುಮಾರು 40 ಅಡಿ ಸಿಹಿನೀರು ಇರುತ್ತದೆ. ಇದನ್ನು ಡಚ್ಚರವನೊಬ್ಬ, ಜರ್ಮನಿಯವನೊಬ್ಬ ಬೇರೆ ಬೇರೆಯಾಗಿ ಲೆಕ್ಕ ಹಾಕಿ ನೂರು ವರ್ಷಕ್ಕೂ ಮೇಲಾಯಿತು. ಈಗ ತಿರುಗಿಸಿ ನೋಡಿ. ದೊಡ್ಡ ಪಂಪು ಹಾಕಿ ಮೇಲಿನ ಒಂದು ಅಡಿಯನ್ನು ಎಳೆದು ತೆಗೆದಿರಿ ಎಂದರೆ ಅಡಿಯಿಂದ ಉಪ್ಪು 40 ಅಡಿ ಮೇಲೇಳಲು ಹೊರಡುತ್ತದೆ. ಸಮುದ್ರ ಮುಂದೆ ಬಂದಿರಲಿಲ್ಲ. ಇವರೇ ಅದನ್ನು ಕೆಳಗಿನಿಂದ ಮೇಲಕ್ಕೆ ಎಳೆದಿದ್ದರು. ಬಾವಿ ಆಳ ಮಾಡಿದ್ದು ಉಪ್ಪಿಗೆ ದಾರಿ ಹತ್ತಿರ ಮಾಡಿದ ಹಾಗಾಯಿತು.

ಹೋಂಸ್ಟೇಯವರು ಬುದ್ಧಿವಂತರು, ಮಾತು ಕೇಳಿದರು. ಆಳ ಮಾಡಿದ್ದ ತಳಕ್ಕೆ ಮತ್ತೆ ಮರಳು ತುಂಬಿಸಿದರು. ಒಂದೇ ಕಡೆ ಎಳೆಯುವ ಬದಲು ದೂರ ದೂರಕ್ಕೆ ಎರಡು ಆಳವಿಲ್ಲದ ಬಾವಿ, ಅರ್ಧ ಅಶ್ವಶಕ್ತಿಯ ಪಂಪು, ಬೆಳಿಗ್ಗೆ ಸ್ವಲ್ಪ, ಸಂಜೆ ಸ್ವಲ್ಪ. ಮಾಡಿನ ನೀರನ್ನು ಸೋಸಿ ಹಿತ್ತಲಿನ ಮರಳಿಗೆ ಇಳಿಸಿದರು. ಎರಡು ಮಳೆಗಾಲ ಕಳೆಯುವಷ್ಟರಲ್ಲಿ ನೀರು ಬಾಯಿಗೆ ಹಾಕುವಂತಾಯಿತು. ಈಗ ಬಂದವರಿಗೆ ಮತ್ತೆ ಬಾವಿಯ ನೀರು ಕುಡಿಸುತ್ತಾರೆ. ಅಜ್ಜಿಗೆ ಇದರ ಶ್ರೇಯಸ್ಸು ಯಾರೂ ಕೊಟ್ಟಿಲ್ಲ ಎಂಬುದು ನನ್ನ ತಕರಾರು.

ಕಥೆಯೇ ಅರ್ಧ ಸಮಯ ತಿಂದಿತು. ಇನ್ನು ಉಳಿದದ್ದನ್ನು ಬೇಗ ಹೇಳುತ್ತೇನೆ.

ಶೌಚದ ಗುಂಡಿ. ಶೌಚದ ನೀರು ಇಂಗುವ ಗುಂಡಿಗೂ ಕುಡಿಯುವ ನೀರಿನ ಬಾವಿಗೂ ಕನಿಷ್ಠ 18 ಮೀಟರ್, ಅಂದರೆ 60 ಅಡಿ ಅಂತರ ಬೇಕು ಎನ್ನುತ್ತದೆ ನಮ್ಮ ದೇಶದ ಮಾನಕ. ನೀವು ಸೈಟು ಕೊಳ್ಳುವುದು ಎಷ್ಟರದ್ದು? 30-40ರದ್ದು. ಅದರ ಒಂದು ಮೂಲೆಯಿಂದ ಎದುರು ಮೂಲೆಗೆ ಹಗ್ಗ ಹಿಡಿದರೂ 50 ಅಡಿ. ಬಾವಿಯೂ ಗುಂಡಿಯೂ ಅದರೊಳಗೆ ಹೊಂದುವುದೇ ಇಲ್ಲ. ಆದರೂ ಪ್ರತಿ ಬಡಾವಣೆಯಲ್ಲೂ ಹೊಂದಿಸಿಯೇ ಹೊಂದಿಸುತ್ತೇವೆ, ಅದೂ ನೀರು ಸಲೀಸಾಗಿ ಹರಿಯುವ ಚಿರೆಕಲ್ಲಿನಲ್ಲಿ. ಹಾಗಾಗಿ ಮನೆಗೊಂದು ಬಾವಿ ಎಂಬ ಹಟ ಬಿಡಿ. ಕೇರಿಗೆ ಎರಡು ಒಳ್ಳೆಯ ಬಾವಿ ಇರಲಿ, ಅವುಗಳ ಸುತ್ತ ಜಾಗ ಬಿಡಿ. ಗುಂಡಿಯ ಬದಲು ತಳಕ್ಕೂ ಗೋಡೆಗೂ ಗಾರೆ ಮಾಡಿದ ಸೆಪ್ಟಿಕ್ ಟ್ಯಾಂಕ್ ಇರಲಿ, ಎರಡು ಮೂರು ವರ್ಷಕ್ಕೊಮ್ಮೆ ಖಾಲಿ ಮಾಡಿಸಿ. ಅದರಿಂದ ಹೊರಬರುವ ನೀರನ್ನು ಬಾವಿಯ ಕಡೆಗೆ ಬಿಡಬೇಡಿ. ದೊಡ್ಡ ಗೇಟು ಮಾಡಿಸುವ ಹಣದಲ್ಲಿ ಇದು ಆಗುತ್ತದೆ.

ಘಟ್ಟದ ಮೇಲಿನವರೇ, ಶಿರಸಿ, ಸಿದ್ದಾಪುರ, ಯಲ್ಲಾಪುರದವರೇ, ನಿಮಗೂ ಇದೇ ಮಾತು. ಒಂದು ಎಕರೆ ತೋಟಕ್ಕೆ 9 ಎಕರೆವರೆಗೂ ಸೊಪ್ಪಿನ ಬೆಟ್ಟದ, ಅಂದರೆ ತೋಟಕ್ಕೆ ಸೊಪ್ಪು ತರುವ ಕಾಡಿನ, ಸವಲತ್ತು ಇರುವ ಜಿಲ್ಲೆ ನಮ್ಮದು. ಸೊಪ್ಪು ಕಡಿಯುವುದು ನಿಮ್ಮ ಹಕ್ಕು, ಒಪ್ಪಿದೆ. ಆದರೆ ದರಕನ್ನು, ಅಂದರೆ ಉದುರಿದ ಒಣ ಎಲೆಯನ್ನು, ಒಂದೂ ಬಿಡದೆ ಗುಡಿಸಿ ತಂದರೆ ನೆಲ ಗಟ್ಟಿಯಾಗಿ ಮಳೆ ನೀರು ಇಂಗದೆ ಮೇಲ್ಗಡೆಯೇ ಓಡುತ್ತದೆ, ತಲೆಮಾರುಗಳಿಂದ ಅಡಿಕೆ ಮರದ ದಬ್ಬೆಯಲ್ಲಿ ಹರಿದು ಬರುತ್ತಿದ್ದ ಅಬ್ಬಿ ನೀರು, ಅಂದರೆ ಬೆಟ್ಟದ ಝರಿಯ ನೀರು, ಶಿವರಾತ್ರಿಗೇ ನಿಲ್ಲುತ್ತದೆ. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ಕಡೆಯ ಸಾಲ್ಕಣಿಯ ಜನ ಕಾಡು ಕಡಿಯುವುದನ್ನು ತಡೆಯಲು ಮರ ಅಪ್ಪಿಕೊಂಡು ನಿಂತದ್ದು ಚಂದಕ್ಕಲ್ಲ. ಕಾಡು ಕಡಿದಲ್ಲಿ ಝರಿಗಳು ಬತ್ತುವುದನ್ನು ಅವರು ಕಂಡಿದ್ದರು. ಬೆಟ್ಟದ ತುದಿಯ ಕಾಲು ಭಾಗವನ್ನಾದರೂ ಕೈ ಹಾಕದೆ ಬಿಡಿ, ಕೆಳಗಿನ ಬಾವಿ ನೋಡಿ, ಆಮೇಲೆ ನನಗೆ ಹೇಳಿ.

ಅಘನಾಶಿನಿಯ ಬಗ್ಗೆ ಬೇರೆಯದೇ ಭಾಷಣ ಬೇಕು. ಅಣೆಕಟ್ಟಿಲ್ಲದೆ ಕಡಲು ಸೇರುವ ಹೊಳೆ, ಅದರ ಅಳಿವೆ ರಾಮ್ಸರ್ ಪಟ್ಟಿಗೆ, ಅಂದರೆ ಜಗತ್ತಿನ ಮಹತ್ವದ ಜೌಗು ಪ್ರದೇಶಗಳ ಪಟ್ಟಿಗೆ ಸೇರಿದೆ. ಅಲ್ಲಿನ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತ ಬೆಳೆಯುತ್ತಾರೆ. ಆ ಗದ್ದೆಯ ಒಡ್ಡು ಒಡೆದರೆ ಭತ್ತ ಹೋಗುವುದಂತೂ ಹೋಗುತ್ತದೆ, ದಡದ ಊರುಗಳ ಬಾವಿಗೂ ಉಪ್ಪು ಸೇರುತ್ತದೆ. ಒಡ್ಡು ದುರಸ್ತಿಗೆ ಊರವರು ಒಟ್ಟಾಗುತ್ತಿದ್ದ ಪದ್ಧತಿ ಬಿಟ್ಟುಹೋಗುತ್ತಿರುವುದು ನನಗೆ ಸಿಟ್ಟು ತರಿಸುವ ಸಂಗತಿ.

ಈಗ ಫೆಬ್ರವರಿ. ಮಳೆಗೆ ಮೂರು ತಿಂಗಳ ಮೇಲೆ ಸ್ವಲ್ಪ ಸಮಯವಿದೆ. ಮಾಡಿನ ಅಂಚಿನ ನೀರುದೋಣಿ, ಪೈಪು ಈಗಲೇ ಕೂಡಿಸಿ. ಮೊದಲ ಎರಡು ಮಳೆಯ ನೀರನ್ನು ಹೊರಗೆ ಬಿಡಿ, ಮಾಡು ತೊಳೆದುಹೋಗಲಿ. ಆಮೇಲಿನದನ್ನು ಜಲ್ಲಿ, ಇದ್ದಿಲು, ಮರಳಿನಲ್ಲಿ ಸೋಸಿ ಬಾವಿಗೆ ಬಿಡಿ. ಅದಕ್ಕೂ ಮೊದಲು ನೀರು ಪರೀಕ್ಷೆ ಮಾಡಿಸಿ. ಗ್ರಾಮ ಪಂಚಾಯಿತಿಯಲ್ಲಿ ಪರೀಕ್ಷೆಯ ಕಿಟ್ ಕೇಳಿ. ಅದರಲ್ಲಿ ಒಂದು ಸಣ್ಣ ಬಾಟಲಿ ಇರುತ್ತದೆ. ಗುರುತಿನವರೆಗೆ ಬಾವಿಯ ನೀರು ತುಂಬಿ, ಒಂದೆರಡು ದಿನ ಹಾಗೇ ಇಡಿ. ನೀರು ಕಪ್ಪಾದರೆ ಅದರಲ್ಲಿ ಮಲದ ಅಂಶ ಇರುವ ಸಾಧ್ಯತೆ ಹೆಚ್ಚು. ಆಗ ಬ್ಲೀಚಿಂಗ್ ಪುಡಿ ಎರಚಿ ಕೈ ತೊಳೆದುಕೊಳ್ಳಬೇಡಿ. ನೀರು ಕುದಿಸಿ ಕುಡಿಯುತ್ತಿರಿ, ಅಳತೆಯ ಟೇಪು ಹಿಡಿದು ಬಾವಿಯಿಂದ ನಾಲ್ಕೂ ಕಡೆಗೆ ಅರವತ್ತು ಅಡಿ ನಡೆಯಿರಿ. ಗುಂಡಿ ಪಕ್ಕದ ಮನೆಯವರದ್ದಾಗಿದ್ದರೆ ಜಗಳ ತೆಗೆಯಬೇಡಿ, ಕಪ್ಪಾದ ಆ ಬಾಟಲಿಯನ್ನು ಕೈಯಲ್ಲಿ ಹಿಡಿದುಕೊಂಡು ಹೋಗಿ. ಅವರ ಬಾವಿಗೂ ಒಂದು ಬಾಟಲಿ ತೆಗೆದುಕೊಂಡು ಹೋದರೆ ಇನ್ನೂ ಒಳ್ಳೆಯದು.

ನಮಸ್ಕಾರ.