ಪ್ಲೇಟ್‌ಲೆಟ್ ಕೌಂಟ್ ಸರಿ ಇದೆ, ಆದರೂ ರಕ್ತ ನಿಲ್ತಿಲ್ಲ!

(ಪರದೆ ಮೇಲೆ: ಒಂದು ಲ್ಯಾಬ್ ರಿಪೋರ್ಟ್)

ಪ್ಲೇಟ್‌ಲೆಟ್, ಅಂದ್ರೆ ರಕ್ತ ನಿಲ್ಲಿಸೋ ಪುಟ್ಟ ಕಣಗಳು, 2,80,000. ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದೊಳಗೆ ಇದ್ರೆ ನಾರ್ಮಲ್, ಅಲ್ವಾ? ಆದ್ರೆ ಈ ಮಗುವಿಗೆ ಮೂಗಲ್ಲಿ ರಕ್ತ ಶುರುವಾದ್ರೆ ಅರ್ಧ ಗಂಟೆಯಾದ್ರೂ ನಿಲ್ಲಲ್ಲ. ಹಾಲುಹಲ್ಲು ಬಿದ್ದ ರಾತ್ರಿ ದಿಂಬೆಲ್ಲ ಕೆಂಪು. ಮೈಮೇಲೆ ಅಲ್ಲಲ್ಲಿ ನೀಲಿಗಟ್ಟಿದ ಕಲೆ. ಮನೆಯವರೇ ಹೊಡೆದಿರಬೇಕು ಅಂತ ಅನುಮಾನ ಪಡೋರೂ ಇದ್ದಾರೆ.

ಕೌಂಟ್ ಅಂದ್ರೆ ಹಾಜರಿ ಪುಸ್ತಕ. ಎಷ್ಟು ಜನ ಬಂದಿದ್ದಾರೆ ಅಂತ ಹೇಳುತ್ತೆ, ಕೆಲಸ ಮಾಡ್ತಿದ್ದಾರಾ ಅಂತ ಹೇಳಲ್ಲ.

(ಅನಿಮೇಷನ್: ಹರಿದ ರಕ್ತನಾಳ)

ಪ್ಲೇಟ್‌ಲೆಟ್ ಮೊದಲು ಗಾಯಕ್ಕೆ ಅಂಟ್ಕೋಬೇಕು. ಒಳಗಿರೋ ರಾಸಾಯನಿಕ ಹೊರಗೆ ಚೆಲ್ಲಿ ಉಳಿದವನ್ನ ಕರೀಬೇಕು. ಆಮೇಲೆ ಫೈಬ್ರಿನೋಜನ್ ಅನ್ನೋ ಹಗ್ಗ ಹಿಡಿದು ಎಲ್ಲವೂ ಒಟ್ಟಾಗಬೇಕು. 1918ರಲ್ಲಿ ಸ್ವಿಟ್ಜರ್ಲೆಂಡಿನ ಮಕ್ಕಳ ವೈದ್ಯ ಎಡ್ವರ್ಡ್ ಗ್ಲಾನ್ಜ್‌ಮನ್ ವಿವರಿಸಿದ, ಈಗ ಅವರದೇ ಹೆಸರಿರೋ ಕಾಯಿಲೆಯಲ್ಲಿ ಆ ಹಗ್ಗ ಹಿಡಿಯೋ ಕೈಯೇ ಇರಲ್ಲ, ಇದ್ರೂ ಹಿಡಿತ ಇರಲ್ಲ.

1948ರಲ್ಲಿ ಫ್ರಾನ್ಸಿನ ಬರ್ನಾರ್ಡ್ ಮತ್ತು ಸೂಲಿಯೆ ಗುರುತಿಸಿದ್ದು ಬೇರೆ ಥರ. ಅಲ್ಲಿ ಗಾಯಕ್ಕೆ ಅಂಟೋದೇ ಆಗಲ್ಲ. ಪ್ಲೇಟ್‌ಲೆಟ್ ದೈತ್ಯ ಗಾತ್ರದ್ದು, ಕೌಂಟೂ ಸಾಮಾನ್ಯವಾಗಿ ಕಡಿಮೆ. ಹಾಗಾಗಿ ಐಟಿಪಿ (ದೇಹವೇ ತನ್ನ ಪ್ಲೇಟ್‌ಲೆಟ್ ನಾಶ ಮಾಡೋ ಕಾಯಿಲೆ) ಅಂದ್ಕೊಂಡು ಮಗುವಿಗೆ ಸುಮ್ಮನೆ ಸ್ಟೀರಾಯ್ಡ್ ಕೊಡೋದುಂಟು. ಮೈಕ್ರೋಸ್ಕೋಪಲ್ಲಿ ಒಂದು ಸ್ಲೈಡ್ ನೋಡಿದ್ರೇ ಸುಳಿವು ಸಿಗ್ತಿತ್ತು!

"ನಮ್ಮ ವಂಶದಲ್ಲಿ ಯಾರಿಗೂ ಇಲ್ವಲ್ಲ?" ಇಲ್ಲದೇ ಇರಬಹುದು. ಇವೆರಡರಲ್ಲೂ ಸಾಮಾನ್ಯವಾಗಿ ಅಪ್ಪನಿಂದ ಒಂದು, ಅಮ್ಮನಿಂದ ಒಂದು ದೋಷದ ಜೀನ್ ಬಂದಿರುತ್ತೆ. ಒಂದೇ ಇರೋ ಅಪ್ಪ ಅಮ್ಮ ಆರಾಮಾಗಿರ್ತಾರೆ.

(ಗ್ರಾಫ್: ಎರಡು ಗೆರೆ)

ಪತ್ತೆಗೆ ಅಗ್ರಿಗೋಮೆಟ್ರಿ ಅನ್ನೋ ಪರೀಕ್ಷೆ ಇದೆ. ನನಗಂತೂ ಇದು ಪತ್ತೇದಾರಿ ಕಥೆ ಥರ ಕಾಣುತ್ತೆ. ಪ್ಲೇಟ್‌ಲೆಟ್ ಇರೋ ಪ್ಲಾಸ್ಮಾ ಮಬ್ಬಾಗಿರುತ್ತೆ. ಅವು ಗುಂಪುಗೂಡಿದ ಹಾಗೆ ತಿಳಿಯಾಗಿ ಬೆಳಕು ಹಾಯುತ್ತೆ. ಗ್ಲಾನ್ಜ್‌ಮನ್ ಕಾಯಿಲೆ ಇದ್ರೆ, ಪ್ಲೇಟ್‌ಲೆಟ್ ಗುಂಪುಗೂಡಿಸೋ ಎಡಿಪಿ, ಕೊಲಾಜೆನ್ ಅನ್ನೋ ವಸ್ತು ಹಾಕಿದ್ರೂ ಅಲುಗಾಡಲ್ಲ, ರಿಸ್ಟೊಸೆಟಿನ್ ಅನ್ನೋ ಇನ್ನೊಂದು ವಸ್ತುವಿಗೆ ಮಾತ್ರ ಓಗೊಡುತ್ತೆ. ಬರ್ನಾರ್ಡ್-ಸೂಲಿಯೆಯಲ್ಲಿ ಪೂರ್ತಿ ಉಲ್ಟಾ.

ಆಸ್ಪಿರಿನ್, ಐಬುಪ್ರೊಫೇನ್ ಬೇಡವೇ ಬೇಡ; ಅವು ಸರಿಯಿರೋ ಪ್ಲೇಟ್‌ಲೆಟ್‌ನೂ ಕೆಡಿಸ್ತವೆ. ಜ್ವರಕ್ಕೆ ಪ್ಯಾರಾಸಿಟಮಾಲ್ ಇದೆ. ಮೂಗು, ಬಾಯಿಯ ರಕ್ತಕ್ಕೆ ವೈದ್ಯರು ಹೆಚ್ಚಾಗಿ ಕಟ್ಟಿದ ಹೆಪ್ಪು ಬೇಗ ಕರಗದ ಹಾಗೆ ತಡೆಯೋ ಟ್ರಾನೆಕ್ಸಾಮಿಕ್ ಆಸಿಡ್ ಬರೀತಾರೆ. ಪ್ಲೇಟ್‌ಲೆಟ್ ಕೊಡೋದಕ್ಕೆ ಅವರು ಹಿಂದೆಮುಂದೆ ನೋಡಿದ್ರೆ ಕಾರಣ ಇದೆ: ದೇಹ ಅದರ ವಿರುದ್ಧ ಆಂಟಿಬಾಡಿ ಬೆಳೆಸಿಕೊಂಡ್ರೆ, ನಿಜವಾಗಿ ಬೇಕಾದಾಗ ಅದು ಕೆಲಸ ಮಾಡಲ್ಲ.

ಹೆಣ್ಣುಮಗುವಾದ್ರೆ ಇನ್ನೊಂದು ಮಾತು. ಮೊದಲ ಮುಟ್ಟಿನಲ್ಲೇ ಆಸ್ಪತ್ರೆ ಸೇರೋಷ್ಟು ರಕ್ತ ಹೋಗಬಹುದು. ಅದಕ್ಕೆ ಏನು ಮಾಡೋದು ಅಂತ ರಕ್ತರೋಗ ತಜ್ಞರ ಹತ್ರ ಒಂದೆರಡು ವರ್ಷ ಮುಂಚೆನೇ ಮಾತಾಡಿಡಿ.