ಕಾರ್ಡ್ ಜೇಬಿನಲ್ಲಿದೆ, ಹೆಸರು ಪಟ್ಟಿಯಲ್ಲಿದೆಯಾ?

ಕೇಳುಗರಿಗೆ ನಮಸ್ಕಾರ. ಇವತ್ತು ಜನವರಿ 25, ರಾಷ್ಟ್ರೀಯ ಮತದಾರರ ದಿನ. ಕಾಲೇಜುಗಳಲ್ಲಿ ಬೆಳಗ್ಗೆಯೇ ಪ್ರತಿಜ್ಞೆ ಮಾಡಿಸಿರುತ್ತಾರೆ, ರಂಗೋಲಿ ಸ್ಪರ್ಧೆ, ಪ್ರಬಂಧ ಸ್ಪರ್ಧೆ ಎಲ್ಲ ಆಗಿರುತ್ತದೆ. ಆಗಲಿ, ಸಂತೋಷ. ನಾನು ಮಾತ್ರ ಹದಿನೆಂಟು, ಹತ್ತೊಂಬತ್ತರ ಮಕ್ಕಳಿಗೆ ಒಂದೇ ಮಾತು ಹೇಳೋಕೆ ಬಂದಿದ್ದೇನೆ. ಮತದಾರರ ಪಟ್ಟಿಯಲ್ಲಿ ನಿಮ್ಮ ಹೆಸರು ಇದೆಯಾ? ಈ ವಾರವೇ ನೋಡಿಕೊಳ್ಳಿ.

1989ಕ್ಕೆ ಮುಂಚೆ 21 ತುಂಬದೆ ಮತ ಇರಲಿಲ್ಲ. ಸಂವಿಧಾನಕ್ಕೆ 61ನೇ ತಿದ್ದುಪಡಿ ತಂದು ಅದನ್ನು 18ಕ್ಕೆ ಇಳಿಸಿದರು. ಆದರೂ 'ನನ್ನ ಒಂದು ಓಟಿನಿಂದ ಏನಾಗುತ್ತೆ ಸಾರ್' ಅನ್ನುವವರಿಗೆ ಬರವಿಲ್ಲ. ತರಗತಿಯಲ್ಲಿ ಈ ಮಾತು ಬಂದಾಗಲೆಲ್ಲ ನಾನು ಸಂತೇಮರಹಳ್ಳಿ ಕಥೆ ಹೇಳುತ್ತಿದ್ದೆ. ಹಳೇ ವಿದ್ಯಾರ್ಥಿಗಳು ಯಾರಾದರೂ ರೇಡಿಯೋ ಹತ್ತಿರ ಕೂತಿದ್ದರೆ, ಇನ್ನೊಂದು ಸಲ ಕೇಳಿಸಿಕೊಳ್ಳಿ, ನಷ್ಟವಿಲ್ಲ.

2004ನೇ ಇಸವಿ. ಚಾಮರಾಜನಗರ ಜಿಲ್ಲೆಯಲ್ಲಿ ಆಗ ಸಂತೇಮರಹಳ್ಳಿ ಅಂತ ಒಂದು ವಿಧಾನಸಭಾ ಕ್ಷೇತ್ರ ಇತ್ತು. ಕಾಂಗ್ರೆಸ್‌ನಿಂದ ಆರ್. ಧ್ರುವನಾರಾಯಣ, ಜೆಡಿಎಸ್‌ನಿಂದ ಎ.ಆರ್. ಕೃಷ್ಣಮೂರ್ತಿ. ಎಣಿಕೆ ಮುಗಿಯಿತು. ಧ್ರುವನಾರಾಯಣ ಅವರಿಗೆ 40,752. ಕೃಷ್ಣಮೂರ್ತಿ ಅವರಿಗೆ 40,751. ಸರಿಯಾಗಿ ಕೇಳಿಸಿತಾ? ಒಂದೇ ಒಂದು ಮತ. ಸೋತವರ ಕಾರಿನ ಡ್ರೈವರೇ ಅವತ್ತು ಮತ ಹಾಕಿರಲಿಲ್ಲವಂತೆ ಅಂತ ಆಮೇಲೆ ಜನ ಆಡಿಕೊಂಡರು, ಪತ್ರಿಕೆಗಳಲ್ಲೂ ಬಂತು. ಅಂಥ ಒಬ್ಬರು ಬಂದು ಹಾಕಿದ್ದರೂ ಲೆಕ್ಕ ಸಮ ಆಗುತ್ತಿತ್ತು. ಸಮ ಆದರೆ ಕಾನೂನಿನ ಪ್ರಕಾರ ಚೀಟಿ ಎತ್ತಬೇಕು. ಇಬ್ಬರು ಬಂದಿದ್ದರೆ? ಶಾಸಕರೇ ಬೇರೆ! ಅವತ್ತು ಮಧ್ಯಾಹ್ನ ಊಟ ಮಾಡಿ 'ಬಿಡು, ಬಿಸಿಲು ಜಾಸ್ತಿ' ಅಂತ ಮಲಗಿದವರು ಆ ಕ್ಷೇತ್ರದಲ್ಲಿ ಎಷ್ಟು ಮಂದಿ ಇದ್ದರೋ.

ಕಥೆ ಇನ್ನೂ ಇದೆ. ಒಂದು ಮತದಿಂದ ಗೆದ್ದ ಧ್ರುವನಾರಾಯಣ ಅವರು 2009, 2014ರಲ್ಲಿ ಸಂಸದರಾದರು. 2019ರಲ್ಲಿ ಸೋತರು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಮತ ಹಾಕಿದ ಲೋಕಸಭಾ ಕ್ಷೇತ್ರ, ಅಂತರ ಬರೀ 1,817. ಅತ್ತ ಕೃಷ್ಣಮೂರ್ತಿ ಅವರು 2023ರಲ್ಲಿ ಕೊಳ್ಳೇಗಾಲದಿಂದ ಶಾಸಕರಾದರು, ಅದೂ ಕಾಂಗ್ರೆಸ್‌ನಿಂದಲೇ, ಈ ಸಲ ಭಾರೀ ಅಂತರದಲ್ಲಿ. ಅದೇ ಚುನಾವಣೆಯಲ್ಲಿ ಬೆಂಗಳೂರಿನ ಜಯನಗರ 16 ಮತಗಳಲ್ಲಿ ತೀರ್ಮಾನವಾಯಿತು. ಒಂದು ಪಿಜಿಯ ಒಂದು ಮಹಡಿಯಲ್ಲೇ ಅಷ್ಟು ಹುಡುಗರು ಇರುತ್ತಾರಲ್ಲ!

ಸ್ಟುಡಿಯೋದವರು ಗಡಿಯಾರ ತೋರಿಸುತ್ತಿದ್ದಾರೆ. ಇರಲಿ, ಪಟ್ಟಿಯ ವಿಷಯಕ್ಕೆ ಬರುತ್ತೇನೆ.

ನಾನು ಮತಗಟ್ಟೆ ಅಧಿಕಾರಿಯಾಗಿ ಕೆಲಸ ಮಾಡಿದವನು. ಬಾಗಿಲ ಹತ್ತಿರ ಮೊದಲನೇ ಟೇಬಲ್‌ನಲ್ಲಿ ಪಟ್ಟಿ ಇರುತ್ತದೆ. ಅಲ್ಲಿ ಕೂತವರು ನಿಮ್ಮ ಕ್ರಮ ಸಂಖ್ಯೆ, ಹೆಸರು ಗಟ್ಟಿಯಾಗಿ ಓದುತ್ತಾರೆ, ಪಕ್ಷಗಳ ಏಜೆಂಟರು ತಮ್ಮ ತಮ್ಮ ಪ್ರತಿಯಲ್ಲಿ ಗುರುತು ಹಾಕಿಕೊಳ್ಳುತ್ತಾರೆ. ಆಮೇಲೇ ಶಾಯಿ, ಸಹಿ, ಬಟನ್ನು. ಒಂದು ಸಲ ಒಬ್ಬ ಹುಡುಗ ಹೊಸ ಶರ್ಟ್ ಹಾಕಿಕೊಂಡು ಬಂದಿದ್ದ. ಕೈಯಲ್ಲಿ ಗುರುತಿನ ಚೀಟಿ. ಪಟ್ಟಿಯ ಹಾಳೆ ಹಿಂದೆ ಮುಂದೆ ತಿರುವಿದ್ದಾಯಿತು, ಹೆಸರಿಲ್ಲ. ಹಿಂದಿನ ವರ್ಷ ಮನೆ ಬದಲಾಯಿಸಿದ್ದನಂತೆ. 'ಕಾರ್ಡ್ ಇದೆಯಲ್ಲ ಸಾರ್' ಅಂತ ಮತ್ತೆ ಮತ್ತೆ ಅದನ್ನೇ ಮುಂದೆ ಹಿಡಿದ. ನಾನೇನು ಮಾಡಲಿ? ಕಾರ್ಡ್ ಇಲ್ಲದಿದ್ದರೆ ಆಧಾರ್, ಪಾಸ್‌ಪೋರ್ಟ್, ಡ್ರೈವಿಂಗ್ ಲೈಸೆನ್ಸ್ ತೋರಿಸಿ ಮತ ಹಾಕಬಹುದು. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಯಾವ ಕಾರ್ಡೂ ನಡೆಯುವುದಿಲ್ಲ.

ಅದಕ್ಕೇ ಹೇಳ್ತಾ ಇರೋದು, ಈಗಲೇ ನೋಡಿ. ಮತದಾನದ ದಿನ ಬೆಳಗ್ಗೆ ನೋಡಿದರೆ ಪ್ರಯೋಜನವಿಲ್ಲ. ಮೊಬೈಲಿನಲ್ಲಿ ರೀಲ್ಸ್ ನೋಡೋಕೆ ಟೈಮ್ ಇದೆ ಅಲ್ವಾ, ಅದೇ ಮೊಬೈಲಿನಲ್ಲಿ ಚುನಾವಣಾ ಆಯೋಗದ ಇಸಿಐನೆಟ್ (ECINET) ಆ್ಯಪ್ ಹಾಕಿಕೊಂಡರೆ ಹೆಸರು ಹುಡುಕಬಹುದು. ಹೊಸದಾಗಿ ಸೇರುವುದಕ್ಕೆ ನಮೂನೆ 6. ಮನೆ ಬದಲಾಯಿಸಿದ್ದರೆ, ಹೆಸರಿನ ಕಾಗುಣಿತ ತಪ್ಪಿದ್ದರೆ ನಮೂನೆ 8. ಮೊದಲೆಲ್ಲ ಜನವರಿ 1ಕ್ಕೆ 18 ತುಂಬಿರಬೇಕಿತ್ತು, ಒಂದು ದಿನ ತಡವಾಗಿ ಹುಟ್ಟಿದವರು ವರ್ಷವಿಡೀ ಕಾಯಬೇಕಿತ್ತು. ಈಗ ಏಪ್ರಿಲ್ 1, ಜುಲೈ 1, ಅಕ್ಟೋಬರ್ 1 ಕೂಡ ಲೆಕ್ಕಕ್ಕೆ ಬರುತ್ತದೆ. 17 ತುಂಬಿದವರು ಮುಂಚಿತವಾಗಿಯೇ ಅರ್ಜಿ ಹಾಕಿಡಬಹುದು, 18 ಆದಾಗ ಹೆಸರು ಸೇರುತ್ತದೆ.

ಯಾರಿಗೆ ಹಾಕಬೇಕು ಅಂತ ನಾನು ಹೇಳೋದಿಲ್ಲ. ಯಾರೂ ಇಷ್ಟವಿಲ್ಲ ಅಂದರೆ ನೋಟಾ ಬಟನ್ ಇದೆ, ಆದರೆ ಅದನ್ನು ಒತ್ತುವುದಕ್ಕೂ ಪಟ್ಟಿಯಲ್ಲಿ ಹೆಸರು ಬೇಕು. ಅಪ್ಪ ಅಮ್ಮ ಕೇಳುತ್ತಿದ್ದರೆ, ರಾತ್ರಿ ಊಟಕ್ಕೆ ಕೂತಾಗ ಮಕ್ಕಳನ್ನು ಕೇಳಿ, ಹಾಗೇ ನಿಮ್ಮ ಹೆಸರೂ ನೋಡಿಕೊಳ್ಳಿ. ಆ್ಯಪ್ ಗೊತ್ತಾಗದಿದ್ದರೆ 1950ಕ್ಕೆ ಫೋನ್ ಮಾಡಿ. ಇನ್ನೊಮ್ಮೆ ಹೇಳುತ್ತೇನೆ, ಒಂದು ಒಂಬತ್ತು ಐದು ಸೊನ್ನೆ. ಬರೆದುಕೊಂಡಿರಾ? ನಮಸ್ಕಾರ.