ಬಸ್ಕಿಯಲ್ಲಿ ಅಡಗಿಕೊಳ್ಳುವ ಸ್ನಾಯು

ಎಲ್ಲರಿಗೂ ನಮಸ್ಕಾರ.

ನಮ್ಮ ಗರಡಿ ಮನೆಗಳ ಪೈಲ್ವಾನರು ತೋಳಿಗೊಂದು ದಿನ, ಬೆನ್ನಿಗೊಂದು ದಿನ ಎಂದು ಹಂಚಿಕೊಂಡವರಲ್ಲ. ಬಸ್ಕಿ ಹೊಡೆದರು, ದಂಡ ಹೊಡೆದರು, ಗದೆ ತಿರುಗಿಸಿದರು, ಮಟ್ಟಿಯ ಮಣ್ಣು ಅಗೆದರು. ಇಂದು ಜಿಮ್‌ನಲ್ಲಿ ಕಂಪೌಂಡ್ ಎನ್ನುವುದು ಇಂಥವನ್ನೇ. ಬಸ್ಕಿಯಲ್ಲಿ ಸೊಂಟ, ಮಂಡಿ, ಪಾದದ ಕೀಲುಗಳು ಒಟ್ಟಿಗೇ ಮಡಚಿ ಬಿಚ್ಚಿಕೊಳ್ಳುತ್ತವೆ. ಒಂದೇ ಕೀಲು ಚಲಿಸಿದರೆ ಅದು ಐಸೊಲೇಷನ್: ಡಂಬೆಲ್ ಹಿಡಿದು ಮೊಣಕೈ ಮಡಚುವ ಕರ್ಲ್, ಕುಳಿತು ಮಂಡಿ ಚಾಚುವ ಲೆಗ್ ಎಕ್ಸ್‌ಟೆನ್ಷನ್.

ಎರಡರಲ್ಲಿ ಯಾವುದು ಎಂದು ಕೇಳುವವರಲ್ಲಿ ಹೆಚ್ಚಿನವರಿಗೆ ವಾರಕ್ಕೆ ಎರಡು ಮೂರು ದಿನ ಮಾತ್ರ ಬಿಡುವು. ಅವರಿಗೆ ನಾನು ಅಳುಕಿಲ್ಲದೆ ಕಂಪೌಂಡ್ ಎನ್ನುತ್ತೇನೆ. ಒಂದು ಸ್ಕ್ವಾಟ್ (ಹೆಗಲ ಮೇಲೆ ತೂಕದ ಬಾರ್ ಹೊತ್ತು ಹೊಡೆಯುವ ಬಸ್ಕಿ), ಒಂದು ಡೆಡ್‌ಲಿಫ್ಟ್ (ನೆಲದ ಮೇಲಿನ ಬಾರ್ ಹಿಡಿದು ಎದ್ದು ನಿಲ್ಲುವುದು), ಒಂದು ತಳ್ಳುವ ವ್ಯಾಯಾಮ, ಒಂದು ಎಳೆಯುವ ವ್ಯಾಯಾಮ. ತೂಕ ಏರಿಸುವುದೂ ಇಲ್ಲಿ ಸುಲಭ. 60 ಕಿಲೋದಿಂದ 62.5ಕ್ಕೆ ಹೋದರೆ ಏರಿಕೆ ಶೇ. 4ರಷ್ಟು. ಐಸೊಲೇಷನ್‌ನಲ್ಲಿ, ತೋಳು ಚಾಚಿ ಭುಜದ ಪಕ್ಕಕ್ಕೆ ಎತ್ತುವ 5 ಕಿಲೋದ ಡಂಬೆಲ್ ಬಿಟ್ಟು 7.5ರದ್ದನ್ನು ಹಿಡಿದರೆ ಒಮ್ಮೆಲೇ ಶೇ. 50. ಕುಂದಾಪುರದ ಕಡೆಯ ವೇಟ್‌ಲಿಫ್ಟರ್ ಗುರುರಾಜ್ ಪೂಜಾರಿ 2018ರ ಗೋಲ್ಡ್ ಕೋಸ್ಟ್ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ 56 ಕಿಲೋ ವಿಭಾಗದಲ್ಲಿ ಬೆಳ್ಳಿ ಗೆದ್ದಾಗ ಕ್ಲೀನ್ ಅಂಡ್ ಜರ್ಕ್‌ನಲ್ಲಿ (ಬಾರನ್ನು ಮೊದಲು ಹೆಗಲಿಗೆ, ಅಲ್ಲಿಂದ ತಲೆಯ ಮೇಲಕ್ಕೆ ಎತ್ತುವುದು) ಎತ್ತಿದ್ದು 138 ಕಿಲೋ. ಮೈತೂಕದ ಎರಡು ಪಟ್ಟಿಗಿಂತ ಹೆಚ್ಚಿನ ಭಾರ ತಲೆಯ ಮೇಲೆ ನಿಲ್ಲಬೇಕಾದರೆ ಪಾದದಿಂದ ಅಂಗೈವರೆಗೆ ಇಡೀ ದೇಹ ಒಂದೇ ಕ್ಷಣದಲ್ಲಿ ಕೂಡಿ ಬರಬೇಕು.

ಹಾಗಾದರೆ ಐಸೊಲೇಷನ್ ಬೇಡವೇ? ಬಹಳ ವರ್ಷ ನಾನೂ ಬೇಡವೆಂದೇ ನಂಬಿದ್ದೆ. ಆಮೇಲೆ ನನ್ನ ಎಡ ಮಂಡಿಯ ಲಿಗಮೆಂಟ್ ಹರಿದು ಶಸ್ತ್ರಚಿಕಿತ್ಸೆಯಾಯಿತು. ತಿಂಗಳುಗಳ ನಂತರ ಸ್ಕ್ವಾಟ್‌ಗೆ ಮರಳಿದೆ. ಬಾರ್‌ನ ತೂಕ ವಾರವಾರವೂ ಏರಿತು, ಎಡತೊಡೆ ಮಾತ್ರ ಸೊರಗಿಯೇ ಇತ್ತು. ಒಂದು ದಿನ ಫಿಸಿಯೊಥೆರಪಿಸ್ಟ್ ಲೆಗ್ ಎಕ್ಸ್‌ಟೆನ್ಷನ್ ಯಂತ್ರದಲ್ಲಿ ಕೂರಿಸಿ ಒಂದೊಂದೇ ಕಾಲಿನಲ್ಲಿ ಎತ್ತಿಸಿದರು. ಬಲಗಾಲು 30 ಕಿಲೋ ಎತ್ತಿತು, ಎಡಗಾಲು 15ಕ್ಕೇ ನಡುಗಿತು. ಅಷ್ಟು ದಿನ ನನ್ನ ದೇಹ ಭಾರವನ್ನು ಬಲಗಾಲಿಗೂ ಸೊಂಟಕ್ಕೂ ದಾಟಿಸಿ ನನ್ನನ್ನು ನಿಲ್ಲಿಸಿತ್ತು. ಹಲವು ಸ್ನಾಯುಗಳು ಕೂಡಿ ದುಡಿಯುವಲ್ಲಿ ಸೋತ ಸ್ನಾಯುವಿಗೆ ಅಡಗಿಕೊಳ್ಳಲು ಜಾಗವಿರುತ್ತದೆ. ಒಂಟಿ ಕೀಲಿನ ವ್ಯಾಯಾಮದಲ್ಲಿ ಆ ಜಾಗ ತೀರಾ ಕಡಿಮೆ. (ಇಂಥ ಶಸ್ತ್ರಚಿಕಿತ್ಸೆಯ ನಂತರ ಈ ಯಂತ್ರವನ್ನು ಯಾವಾಗ, ಎಷ್ಟು ತೂಕದಿಂದ ಶುರು ಮಾಡಬೇಕೆಂಬುದನ್ನು ನಿಮ್ಮ ಚಿಕಿತ್ಸಕರೇ ಹೇಳಬೇಕು. ದಯವಿಟ್ಟು ನನ್ನ ಮಾತು ಕೇಳಿ ನಾಳೆಯೇ ಹತ್ತಿ ಕೂರಬೇಡಿ.)

ಗಾಯವೇ ಆಗದವರಲ್ಲೂ ಇದು ನಡೆಯುತ್ತದೆ. ತೊಡೆಯ ಹಿಂಬದಿಯ ಹ್ಯಾಮ್‌ಸ್ಟ್ರಿಂಗ್ ಸ್ನಾಯುಗಳನ್ನೇ ನೋಡಿ. ಅವುಗಳಲ್ಲಿ ಬಹುಪಾಲು ಸೊಂಟವನ್ನೂ ಮಂಡಿಯನ್ನೂ ದಾಟಿ ಹೋಗುತ್ತವೆ. ಬಸ್ಕಿಯಿಂದ ಏಳುವಾಗ ಸೊಂಟ ಬಿಚ್ಚಿಕೊಳ್ಳುವುದರಿಂದ ಮೇಲಿನ ತುದಿಯಲ್ಲಿ ಅವು ಕುಗ್ಗುತ್ತವೆ, ಮಂಡಿ ಬಿಚ್ಚಿಕೊಳ್ಳುವುದರಿಂದ ಕೆಳಗಿನ ತುದಿಯಲ್ಲಿ ಹಿಗ್ಗುತ್ತವೆ. ಒಟ್ಟು ಉದ್ದ ಹೆಚ್ಚು ಬದಲಾಗುವುದೇ ಇಲ್ಲ. ಅದಕ್ಕೇ ವರ್ಷಗಟ್ಟಲೆ ಸ್ಕ್ವಾಟ್ ಮಾಡಿದವರ ತೊಡೆಯ ಮುಂಭಾಗ ತುಂಬಿಕೊಂಡಿದ್ದರೂ ಹಿಂಭಾಗ ಚಪ್ಪಟೆಯಾಗಿರುವುದುಂಟು. ಅಂಥವರಿಗೆ ಯಂತ್ರದಲ್ಲಿ ಮಂಡಿ ಮಡಚುವ ಲೆಗ್ ಕರ್ಲ್ ಬೇಕೇ ಬೇಕು. ಮಲಗಿ ಮಾಡುವ ಯಂತ್ರಕ್ಕಿಂತ ಕುಳಿತು ಮಾಡುವುದು ಒಳ್ಳೆಯದು. ಸೊಂಟ ಮಡಚಿರುವುದರಿಂದ ಸ್ನಾಯು ಚಾಚಿಕೊಂಡ ಸ್ಥಿತಿಯಲ್ಲೇ ದುಡಿಯುತ್ತದೆ. ಭುಜದ ಪಕ್ಕದ ಸ್ನಾಯುವಿನದೂ ಇದೇ ಕಥೆ, ಮಲಗಿ ಬಾರನ್ನು ಎದೆಯಿಂದ ಮೇಲಕ್ಕೆ ತಳ್ಳುವ ಬೆಂಚ್ ಪ್ರೆಸ್ ಅದನ್ನು ಹೆಚ್ಚು ಮುಟ್ಟುವುದಿಲ್ಲ.

ಯಾವುದು ಮೊದಲು ಎಂಬ ಪ್ರಶ್ನೆ ಉಳಿಯಿತು. ದಣಿಯದಿರುವಾಗ ಮಾಡಿದ್ದರಲ್ಲಿ ಬಲ ಹೆಚ್ಚು ಏರುತ್ತದೆ. ಹಾಗಾಗಿ ಸಾಮಾನ್ಯವಾಗಿ ಭಾರೀ ಕಂಪೌಂಡ್ ಮೊದಲು. ನನ್ನಂತೆ ಒಂದು ಕಾಲು ಹಿಂದುಳಿದಿದ್ದರೆ ಆ ಕಾಲಿನ ಕೆಲಸವೇ ಮೊದಲು. ಆ ದಿನ ಬಾರ್‌ನಲ್ಲಿ 10 ಕಿಲೋ ಕಡಿಮೆಯಾದರೂ ಚಿಂತೆಯಿಲ್ಲ.

ಈಗ ಚಾಪೆ ಹಾಸಿದೆ. ನಾಲ್ಕು ನಾಲ್ಕು ಜನರಾಗಿ ಬನ್ನಿ, ಪಾದರಕ್ಷೆ ಕಳಚಿ ಹತ್ತು ಬಸ್ಕಿ ಹೊಡೆಯಿರಿ. ಏಳುವಾಗ ನಿಮ್ಮ ಸೊಂಟ ಯಾವ ಕಡೆಗೆ ವಾಲುತ್ತದೆ ಎಂಬುದನ್ನು ನಾನು ಹಿಂದಿನಿಂದ ನೋಡಿ ಹೇಳುತ್ತೇನೆ.